ಗೇರುಪೆಟ್ಟಿಗೆಯ ಎಣ್ಣೆ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಅಧ್ಯಾಪಕರು ಅಪ್ಪಣೆ ಕೊಡಿಸಿದ ದಿನವೇ ನನ್ನ ಸಹಪಾಠಿಗಳು ಒಳ್ಳೊಳ್ಳೆಯ ವಿಷಯಗಳನ್ನೆಲ್ಲ ಹಂಚಿಕೊಂಡುಬಿಟ್ಟರು. ಒಬ್ಬರಿಗೆ ಮೇಲುಕೋಟೆ, ಒಬ್ಬರಿಗೆ ಶ್ರೀರಂಗಪಟ್ಟಣದ ಕೋಟೆ, ಇನ್ನೊಬ್ಬರಿಗೆ ಹೊಸಹೊಳಲಿನ ದೇವಾಲಯದ ಶಿಲ್ಪ. ನನ್ನ ಪಾಲಿಗೆ ಉಳಿದದ್ದು ಮೋಟಾರು ಗಾಡಿಯ ಗೇರುಪೆಟ್ಟಿಗೆ. ಉಳಿದದ್ದು ಎಂದೆನೆ? ಅದು ಪೂರ್ತಿ ನಿಜವಲ್ಲ. ಒಂದು ವರ್ಷದಿಂದ ಈ ಪೆಟ್ಟಿಗೆ ನನ್ನ ತಲೆಯಲ್ಲಿ ಕುಳಿತಿದೆ. ಕಾಗದದ ಮೇಲೆ ಇಳಿಸದೆ ಅದು ಇಳಿಯುವಂತೆ ಕಾಣಲಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ಹುಡುಗನಿಗೆ ಗೇರಿನ ಗೊಡವೆ ಏಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಸ್ವಲ್ಪ ಸಾವಧಾನವಾಗಿ ಕೇಳಬೇಕೆಂದು ನನ್ನ ವಿನಂತಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಹಳೆಯ ಗಾಡಿಯನ್ನೇ ನಂಬಿ ಬದುಕುವ ಸಂಸಾರಗಳು ಬಹಳ. ಆ ಗಾಡಿಯನ್ನು ಕಾಪಾಡುವ ತಿಳಿವಳಿಕೆ ಗಾಡಿಯೊಳಗೇ ಒಂದು ಪುಸ್ತಕದಲ್ಲಿದೆ. ಅದು ಅವರು ಓದಲಾರದ ಭಾಷೆಯಲ್ಲಿದೆ. ಓದಬಲ್ಲ ನಾವು ಅದನ್ನು ಮುಟ್ಟುವುದಿಲ್ಲ. ತಪ್ಪು ಯಾರದೆಂದು ಕೇಳಿದರೆ, ಹೆಚ್ಚಿನ ಪಾಲು ನಮ್ಮದು ಎನ್ನುತ್ತೇನೆ, ನನ್ನಿಂದಲೇ ಆರಂಭಿಸುತ್ತೇನೆ.

ನನ್ನ ತಂದೆಯವರು ಮೂರನೆಯ ತರಗತಿಯವರೆಗೆ ಓದಿದವರು. ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವನು ನಾನೇ ಮೊದಲಿಗ. ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮೂವತ್ತು ಗುಂಟೆ ಜಮೀನುಂಟು. ಅದರಿಂದ ವರ್ಷದ ರಾಗಿ ಬರುತ್ತದೆ, ಉಪ್ಪು ಬರುವುದಿಲ್ಲ. ಉಪ್ಪು ಮೆಣಸಿನಕಾಯಿಗೆ, ನನ್ನ ಫೀಜಿಗೆ, ತಂಗಿಯ ಪುಸ್ತಕಗಳಿಗೆ ಆಧಾರವಾದದ್ದು 2017ರಲ್ಲಿ ತಂದೆಯವರು ಸಾಲಮಾಡಿ ಕೊಂಡ ಒಂದು ಹಳೆಯ ವ್ಯಾನು. ಹಳದಿ ಹಲಗೆಯ ಬಾಡಿಗೆ ಗಾಡಿ. ಮದುವೆಯ ದಿಬ್ಬಣ, ಮೇಲುಕೋಟೆಯ ಹರಕೆ, ಆದಿಚುಂಚನಗಿರಿಯ ಅಮಾವಾಸ್ಯೆ, ರಾತ್ರಿ ಹೊತ್ತಿನ ಹೆರಿಗೆ, ಯಾರು ಕರೆದರೂ ಹೋಗುತ್ತಿತ್ತು. ಗಾಡಿಯ ಮೈಯನ್ನು ತಂದೆಯವರು ಎಮ್ಮೆಯ ಮೈ ತೊಳೆದಂತೆ ದಿನವೂ ತೊಳೆಯುತ್ತಿದ್ದರು. ಇಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಹಾಕಿಸುತ್ತಿದ್ದರು, ಟೈರಿಗೆ ಗಾಳಿ ನೋಡುತ್ತಿದ್ದರು. ಗೇರುಪೆಟ್ಟಿಗೆಗೂ ಬೇರೆಯಾಗಿ ಒಂದು ಎಣ್ಣೆಯುಂಟು, ಅದೂ ಹಳತಾಗುತ್ತದೆ, ಸೋರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ನಾನೀಗ ದೊಡ್ಡದಾಗಿ ಬರೆಯುತ್ತಿದ್ದೇನೆ, ನನಗೂ ಗೊತ್ತಿರಲಿಲ್ಲ.

ತಿಳಿದದ್ದು ತಾಯಿಗೆ ಒಬ್ಬರಿಗೇ. ಬೆಳಿಗ್ಗೆ ಅಂಗಳ ಗುಡಿಸುವಾಗ ವ್ಯಾನು ನಿಲ್ಲುವ ಜಾಗದ ನಡುವೆ ಅಂಗೈಯಗಲದ ಕಪ್ಪು ಕಲೆ ಕಾಣುತ್ತಿತ್ತು. ಅವರು ಅದರ ಮೇಲೆ ಒಲೆಯ ಬೂದಿ ಎರಚಿ ಗುಡಿಸುತ್ತಿದ್ದರು. “ಗಾಡಿ ದಿನಾ ಉಚ್ಚೆ ಹೊಯ್ತದೆ, ಏನಂತ ನೋಡಬಾರ್ದಾ?” ಎಂದು ತಿಂಗಳುಗಟ್ಟಲೆ ಹೇಳಿದರು. ಹಳೆಯ ಗಾಡಿ ಎಂದಮೇಲೆ ಒಂದು ತೊಟ್ಟು ಸೋರದಿರುತ್ತದೆಯೆ ಎಂದು ನಾವು ಗಂಡಸರಿಬ್ಬರೂ ನಕ್ಕೆವು. ಅದೇ ತಿಂಗಳು ನಾನು ‘ಯಂತ್ರ ನಾಗರಿಕತೆ’ ಎಂಬ ಪ್ರಬಂಧ ಬರೆದು ತರಗತಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದೆ.

ಗೇರುಪೆಟ್ಟಿಗೆ ಏನು ಮಾಡುತ್ತದೆಂದು ಇಲ್ಲಿ ಎರಡು ಮಾತು ಹೇಳಬೇಕು. ಮೇಲುಕೋಟೆಯ ಬೆಟ್ಟಕ್ಕೆ ಮೆಟ್ಟಿಲೂ ಉಂಟು, ಸುತ್ತಿ ಹತ್ತುವ ರಸ್ತೆಯೂ ಉಂಟು. ಮೂಟೆ ಹೊತ್ತವನು ಮೆಟ್ಟಿಲಿನಲ್ಲಿ ಬೇಗ ಸುಸ್ತಾಗುತ್ತಾನೆ. ರಸ್ತೆಯಲ್ಲಿ ಹೋದರೆ ದೂರ ಹೆಚ್ಚು, ಹೊತ್ತು ಹೆಚ್ಚು, ಆದರೆ ಒಂದೊಂದು ಹೆಜ್ಜೆಗೆ ಬೇಕಾದ ಬಲ ಕಡಿಮೆ. ಮೊದಲನೆಯ ಗೇರು ಆ ಸುತ್ತು ರಸ್ತೆಯಿದ್ದಂತೆ. ಇಂಜಿನ್ನು ಸುಮಾರು ಮೂರೂವರೆ ಸುತ್ತು ತಿರುಗಿದರೆ ಪೆಟ್ಟಿಗೆಯಿಂದ ಹೊರಡುವ ದಂಡ ಒಂದೇ ಸುತ್ತು ತಿರುಗುತ್ತದೆ. ವೇಗ ಇಳಿದಷ್ಟೂ ಬಲ ಏರುತ್ತದೆ. ಮೇಲಿನ ಗೇರಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಈ ಹಲ್ಲಿನ ಚಕ್ರಗಳ ಏರ್ಪಾಡನ್ನು ಫ್ರಾನ್ಸಿನ ಪಾನ್ಹಾರ್ಡ್–ಲೆವಸ್ಸೋರ್ ಸಂಸ್ಥೆಯವರು 1890ರ ದಶಕದಲ್ಲಿಯೇ ಮೋಟಾರಿಗೆ ಕೂಡಿಸಿದರು. ಆಗ ಗೇರು ಬದಲಿಸುವುದೆಂದರೆ ತಿರುಗುತ್ತಿರುವ ಎರಡು ಗರಗಸಗಳನ್ನು ಒಂದಕ್ಕೊಂದು ನೂಕಿದ ಹಾಗೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಎಂಬ ಹೊಸ ಏರ್ಪಾಡು ಬಂದಿತು. ಇಂದು ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು ಹಿತ್ತಾಳೆಯ ಉಂಗುರದ ರೂಪದಲ್ಲಿರುತ್ತದೆ. ಬೇರೆಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳ ನಡುವೆ ಈ ಉಂಗುರ ಉಜ್ಜಿಕೊಂಡು, ಎರಡನ್ನೂ ಒಂದೇ ವೇಗಕ್ಕೆ ತಂದ ಮೇಲೆ, ಹಲ್ಲಿಗೆ ಹಲ್ಲು ಕೂರುತ್ತದೆ. ನಾವು ಸನ್ನೆಯನ್ನು ಸುಮ್ಮನೆ ಹಿಂದಕ್ಕೆಳೆದಾಗ ಒಳಗೆ ಇಷ್ಟು ರಾಜಿ ಪಂಚಾಯಿತಿ ನಡೆಯುತ್ತದೆ. ಇದೆಲ್ಲವೂ ನಡೆಯಬೇಕಾದದ್ದು ಎಣ್ಣೆಯೊಳಗೆ.

ನನ್ನ ತಾತ ಎತ್ತಿನ ಗಾಡಿ ಹೂಡಿ ಆಲೆಮನೆಗೆ ಕಬ್ಬು ಹೊಡೆದವರು. ಅವರ ಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತಂತೆ. ಅದರಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಅಚ್ಚು ಕಿರುಗುಟ್ಟುವ ಮೊದಲೇ ಇಳಿದು ಹಚ್ಚುತ್ತಿದ್ದರಂತೆ. ಗಾಣದ ಉರುಳೆಗಳ ಹಲ್ಲಿಗೂ ಎಣ್ಣೆ ಬಿಡದೆ ಎತ್ತು ಕಟ್ಟುತ್ತಿರಲಿಲ್ಲ. ಅಕ್ಷರ ಬಾರದ ಆ ಮನುಷ್ಯನಿಗೆ ಇದನ್ನು ಯಾರೂ ಪುಸ್ತಕದಿಂದ ಕಲಿಸಲಿಲ್ಲ. ಕೀಲು ಅವರ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ನಮ್ಮ ಕೀಲು ಗಾಡಿಯ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಮುಚ್ಚಿಕೊಂಡಿದೆ. ಕಿರುಗುಟ್ಟಿದರೂ ಹಾಡಿನ ಸದ್ದಿನಲ್ಲಿ ಕೇಳುವುದಿಲ್ಲ. ಎರಡನೆಯ ಗೇರು ಬೀಳುವಾಗ ಕರಕರ ಎನ್ನುತ್ತಿದ್ದುದನ್ನು ನಮ್ಮ ತಂದೆಯವರು ಹಾಡನ್ನು ಒಂದಿಷ್ಟು ಜೋರುಮಾಡಿ ಪರಿಹರಿಸಿಕೊಂಡಿದ್ದರು!

2024ರ ಡಿಸೆಂಬರಿನ ಒಂದು ಮಧ್ಯಾಹ್ನ. ಪಕ್ಕದ ಹಳ್ಳಿಯ ಹಿರಿಯರೊಬ್ಬರು ತೀರಿಕೊಂಡು, ಅವರ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡಲು ಆ ಮನೆಯವರು ನಮ್ಮ ವ್ಯಾನಿನಲ್ಲಿ ಹೋಗಿದ್ದರು. ಕಾಲೇಜಿಗೆ ರಜೆಯಿದ್ದುದರಿಂದ ನಾನೂ ಜೊತೆಗಿದ್ದೆ. ಹಿಂದಿರುಗುವಾಗ, ಪಾಂಡವಪುರ ದಾಟಿ ಚಿನಕುರಳಿಯ ಕಡೆಗೆ ಹೊರಟಿದ್ದೆವು. ಮೂರನೆಯ ಗೇರು ತಾನಾಗಿಯೇ ಎಗರಿ ನ್ಯೂಟ್ರಲ್ಲಿಗೆ ಬಂತು. ತಂದೆಯವರು ಮತ್ತೆ ಹಾಕಿದರು, ಮತ್ತೆ ಎಗರಿತು. ಮೂರನೆಯ ಸಲ ಕೈಯಲ್ಲಿ ಒತ್ತಿ ಹಿಡಿದರು. ಕಲ್ಲು ಜಜ್ಜಿದಂಥ ಸದ್ದಾಯಿತು. ಗಾಡಿ ಒಂದು ಸಲ ಮುಗ್ಗರಿಸಿ ನಿಂತಿತು. ಸನ್ನೆ ಅತ್ತಲೂ ಬರದು, ಇತ್ತಲೂ ಬರದು. ತಲೆ ಬೋಳಿಸಿಕೊಂಡ ಮಗ, ವಯಸ್ಸಾದ ಹೆಂಗಸರು, ಮಕ್ಕಳು ಎಲ್ಲರೂ ಗದ್ದೆಯ ಬದುವಿನ ಮೇಲೆ ಬಿಸಿಲಲ್ಲಿ ಕುಳಿತರು. ಯಾರೂ ಒಂದು ಮಾತು ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಗಂಟೆಯ ನಂತರ ಬಂದ ಬಸ್ಸಿಗೆ ಅವರನ್ನು ಹತ್ತಿಸಿ, ತಂದೆಯವರು ಬಾಡಿಗೆಯ ಹಣವನ್ನು ಪೂರ್ತಿಯಾಗಿ ಹಿಂದಕ್ಕೆ ಕೊಟ್ಟರು. ಬೇಡವೆಂದರೂ ಕೊಟ್ಟರು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಪಾಂಡವಪುರದ ಗ್ಯಾರೇಜೊಂದಕ್ಕೆ ಎಳೆಸಿಕೊಂಡು ಹೋದೆವು. (ಎಳೆಯುವ ಮೊದಲು ಹಿಂದಿನ ಚಕ್ರಕ್ಕೆ ಹೋಗುವ ದಂಡವನ್ನು ಮೇಸ್ತ್ರಿಯ ಹುಡುಗ ಬಂದು ಬಿಚ್ಚಿದ. ಹಾಗೆ ಬಿಚ್ಚದೆ ಎಳೆದಿದ್ದರೆ ಮುರಿದ ಹಲ್ಲು ಉಳಿದ ಹಲ್ಲುಗಳನ್ನೂ ತಿನ್ನುತ್ತಿತ್ತು. ಆಟೋಮ್ಯಾಟಿಕ್ ಕಾರುಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಇಂಜಿನ್ನು ನಿಂತಾಗ ಅವುಗಳ ಎಣ್ಣೆಯ ಪಂಪೂ ನಿಂತಿರುತ್ತದೆ. ಎಳೆಯಿಸಿಕೊಳ್ಳುವ ಚಕ್ರ ನೆಲದ ಮೇಲೆ ತಿರುಗಿದಷ್ಟೂ ಒಳಗೆ ಒಣಗಿದ ಲೋಹಕ್ಕೆ ಲೋಹ ಉಜ್ಜುತ್ತದೆ.) ಮೇಸ್ತ್ರಿ ಐವತ್ತು ದಾಟಿದವರು, ಮಾತು ಕಡಿಮೆ. ಪೆಟ್ಟಿಗೆಯ ತಳದ ಬಿರಟೆ ಬಿಚ್ಚಿ, ಕೆಳಗೆ ತಟ್ಟೆಯಿಟ್ಟರು. ಒಂದೂಕಾಲು ಲೀಟರಿನಷ್ಟು ಎಣ್ಣೆ ಇರಬೇಕಾದ ಕಡೆ ಒಂದು ಲೋಟದಷ್ಟು ಇಳಿಯಿತು. ಕಾಕಂಬಿಯಂತೆ ಕಪ್ಪಗಿತ್ತು. ಬಿರಟೆಯ ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಚೂರುಗಳು ಇರುವೆಗಳ ಹಾಗೆ ಅಂಟಿಕೊಂಡಿದ್ದವು. ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಹೆದರಬೇಕಾಗಿಲ್ಲವಂತೆ, ಅದು ವಯಸ್ಸಿನ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೆಂದರೆ ಹಲ್ಲು ಹೋಯಿತೆಂದೇ ಅರ್ಥ. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಸೇರಿದೆ. ನಾಲೆಯ ನೀರು ನುಗ್ಗಿದ ರಸ್ತೆಯಲ್ಲಿ ಹಾಯಿಸಿದ ಗಾಡಿಗಳಲ್ಲಿ ಇದನ್ನು ಕಾಣಬಹುದಂತೆ.

“ಯಜಮಾನ್ರೆ, ಇದ್ರ ಎಣ್ಣೆ ಯಾವಾಗ ಬದ್ಲಾಯ್ಸಿದ್ರಿ?” ಎಂದು ಮೇಸ್ತ್ರಿ ಕೇಳಿದರು. ತಂದೆಯವರು ನೆಲ ನೋಡಿದರು.

“ಗಾಡಿ ಪುಸ್ತಕ ಇಲ್ವಾ?”

ಪುಸ್ತಕವಿತ್ತು. ಮುಂದಿನ ಹಲಗೆಯ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿತ್ತು. ಅದರ ಹೊದಿಕೆಯ ಮೇಲೆ ವರ್ಷವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಪದರ ಪದರವಾಗಿ ಹತ್ತಿಕೊಂಡಿತ್ತು. ಪ್ರತಿ ವರ್ಷವೂ ನಾವು ಗಾಡಿಗೆ ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಆ ಪುಸ್ತಕಕ್ಕೂ ಕುಂಕುಮ ಇಟ್ಟು ಕೈಮುಗಿದಿದ್ದೆವು. ಒಂದು ಸಲವಾದರೂ ಬಿಚ್ಚಿರಲಿಲ್ಲ. ಅಂದು ಗ್ಯಾರೇಜಿನ ಮೂಲೆಯ ಟೈರಿನ ಮೇಲೆ ಕುಳಿತು ನಾನು ಅದನ್ನು ಮೊದಲ ಬಾರಿ ತೆರೆದೆ. ಇಂಗ್ಲಿಷಿನಲ್ಲಿತ್ತು. ಕಷ್ಟದ ಇಂಗ್ಲಿಷೇನಲ್ಲ, ಪಿ.ಯು.ಸಿ. ಮುಗಿಸಿದ ಯಾರಾದರೂ ಪದಕೋಶವಿಟ್ಟುಕೊಂಡು ಓದಬಹುದಾದದ್ದು. ಗೇರುಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ಎಷ್ಟು ಕಿಲೋಮೀಟರಿಗೊಮ್ಮೆ ನೋಡಬೇಕು, ಎಷ್ಟಕ್ಕೆ ಬದಲಿಸಬೇಕು, ಯಾವ ಜಾತಿಯ ಎಣ್ಣೆ, ಎಷ್ಟು ಪ್ರಮಾಣ, ಎಲ್ಲವೂ ಒಂದೇ ಪುಟದಲ್ಲಿತ್ತು. ಆ ಪುಟಕ್ಕೂ ನನಗೂ ಮಧ್ಯೆ ಇದ್ದದ್ದು ಒಂದು ಬೆರಳ ದಪ್ಪದ ಕುಂಕುಮ.

ಹಿಂದಿನ ತುದಿಯ ರಬ್ಬರಿನ ಸೀಲೊಂದು ಹರಿದು ಎಣ್ಣೆ ಸೋರಿತ್ತು. ಸೀಲಿನ ಬೆಲೆ ಇನ್ನೂರು ರೂಪಾಯಿಗಳೊಳಗೆ, ಎಣ್ಣೆಯದು ಸಾವಿರದೊಳಗೆ. ಈಗ ಎರಡು ಹಿತ್ತಾಳೆಯ ಉಂಗುರ, ಮೂರನೆಯ ಗೇರು, ಬೇರಿಂಗುಗಳು, ಜೊತೆಗೆ ಹೇಗೂ ಬಿಚ್ಚಿದ್ದೇವೆಂದು ಕ್ಲಚ್ಚಿನ ತಟ್ಟೆ, ಕೂಲಿ, ಎಲ್ಲ ಸೇರಿ ಹದಿನೆಂಟು ಸಾವಿರವಾಯಿತು. ಕರುಹಾಕಲು ಇನ್ನು ಕೆಲವೇ ತಿಂಗಳಿದ್ದ ಕಡಸನ್ನು ತಂದೆಯವರು ಸಂತೆಗೆ ಹೊಡೆದರು. ತಾಯಿ ಆ ದಿನ ಕೊಟ್ಟಿಗೆಯ ಕಡೆಗೆ ಹೋಗಲಿಲ್ಲ.

ಈ ಸುದ್ದಿ ಕೇಳಿ ನಾಗಮಂಗಲದಿಂದ ನನ್ನ ಸೋದರಮಾವ ಬಂದರು. ಊಟಕ್ಕೆ ಕೂತವರು ಮಾತು ತೆಗೆದರು. “ಭಾವ, ಇವನ್ನ ಬಿಯ್ಯೆ ಓದ್ಸಿ ಏನ್ ಮಾಡೀಯೆ? ಮನೇಲಿ ಓದ್ದೋನು ಇದ್ಕಂಡೂ ಗಾಡಿ ಕೆಟ್ಟು ಕೂತದೆ. ಆ ಮೇಸ್ತ್ರಿ ತಾವ ಬುಡು, ಎರಡು ವರ್ಸಕ್ಕೆ ಕೈತುಂಬ ದುಡೀತನೆ.” ತಂದೆಯವರು ತುತ್ತು ಕಲಸುತ್ತಲೇ, “ಓದ್ಲಿ ಬುಡಪ್ಪಾ, ಇನ್ನೊಂದು ವರ್ಸ ತಾನೆ” ಎಂದರು. ಹಾಗೆಂದರೇ ಹೊರತು ಮಾವನ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ. ನನ್ನಲ್ಲೂ ಇರಲಿಲ್ಲ. ಮಾವ ಹೇಳಿದ್ದರಲ್ಲಿ ಅರ್ಧ ತಪ್ಪು, ಅರ್ಧ ಸರಿ. ಗ್ಯಾರೇಜಿಗೆ ಹೋಗಲೆಂದು ಓದು ಬಿಡಬೇಕೆಂಬುದು ತಪ್ಪು. ಓದಿದವನಿದ್ದೂ ಗಾಡಿ ಕೆಟ್ಟಿತೆಂಬುದು ಸರಿ, ಅದು ಇಂದಿಗೂ ಚುಚ್ಚುತ್ತದೆ.

ಅಂದಿನಿಂದ ಶನಿವಾರ ಭಾನುವಾರಗಳಲ್ಲಿ ನಾನು ಆ ಗ್ಯಾರೇಜಿಗೆ ಹೋಗತೊಡಗಿದೆ. ಕೆಲಸಕ್ಕಲ್ಲ, ಕೇಳುವುದಕ್ಕೆ. ಸ್ಪಾನರು ಎತ್ತಿಕೊಡುವಷ್ಟು ಕೆಲಸ ತಾನಾಗಿ ಅಂಟಿಕೊಂಡಿತು. ಅಲ್ಲಿ ನಾನು ಕಂಡುಕೊಂಡ ದೊಡ್ಡ ಸಂಗತಿಯೆಂದರೆ, ಗೇರುಪೆಟ್ಟಿಗೆಗಳಲ್ಲಿ ಹೆಚ್ಚಿನವು ಮುಪ್ಪಿನಿಂದ ಸಾಯುವುದಿಲ್ಲ, ನಮ್ಮ ಕೈಕಾಲುಗಳಿಂದ ಸಾಯುತ್ತವೆ. ಚಾಲಕನ ಎಡಗಾಲು ಕ್ಲಚ್ಚಿನ ಮೇಲೆಯೇ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಅಷ್ಟು ಭಾರಕ್ಕೇ ಒಳಗಿನ ತಟ್ಟೆ ಅರೆಬರೆ ಹಿಡಿದು ಉಜ್ಜಿಕೊಳ್ಳುತ್ತಿರುತ್ತದೆ. ಎಡಗೈ ಗೇರಿನ ಸನ್ನೆಯ ಮೇಲೆ ಒರಗಿರುತ್ತದೆ; ಆ ಭಾರ ಒಳಗೆ ತಿರುಗುವ ಭಾಗವನ್ನು ಒತ್ತುವ ಕವಲುಗೋಲಿಗೆ ಬೀಳುತ್ತದೆ, ಅದು ಸವೆದಾಗ ಗೇರು ಎಗರುತ್ತದೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಿಂದಿನ ಗೇರಿಗೆ ನೂಕುವವರ ಅವಸರವನ್ನಂತೂ ಹೇಳಲೇಬೇಕಾಗಿಲ್ಲ, ಬಸ್ ನಿಲ್ದಾಣದ ಬಳಿ ನಿಂತರೆ ಕಿವಿಗೇ ಕೇಳುತ್ತದೆ.

ಎಲ್ಲಕ್ಕಿಂತ ಮೂರ್ಖತನದ ಉಳಿತಾಯವೆಂದರೆ ಮೇಲುಕೋಟೆಯ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಬಿಡುವುದು. ಜಕ್ಕನಹಳ್ಳಿಯ ಕಡೆಗೆ ಇಳಿಯುವಾಗ ಪೆಟ್ರೋಲು ಮಿಗುತ್ತದೆಂದು ನಮ್ಮ ತಂದೆಯವರೂ ಮಾಡುತ್ತಿದ್ದರು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರು ಹಾಕಿಕೊಂಡೇ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಇಂಜಿನ್ನಿಗೆ ಪೆಟ್ರೋಲು ಹರಿಯುವುದೇ ನಿಂತುಬಿಡುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ, ಆ ಎದುರೆಳೆತದಿಂದ ಗಾಡಿ ಹಿಡಿತದಲ್ಲಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಆರಿಹೋಗದಿರಲು ಇಂಜಿನ್ನು ತಾನೇ ಒಂದಿಷ್ಟು ಪೆಟ್ರೋಲು ಕುಡಿಯುತ್ತದೆ; ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ; ಬ್ರೇಕು ಕಾದು ಹಿಡಿತ ತಪ್ಪಿಸುತ್ತದೆ. ಉಳಿತಾಯವೂ ಇಲ್ಲ, ಕ್ಷೇಮವೂ ಇಲ್ಲ. ಇದನ್ನು ನಾನು ತಂದೆಯವರಿಗೆ ಹೇಳಿದಾಗ ಅವರು ನಂಬಲಿಲ್ಲ. ಮೇಸ್ತ್ರಿ ಹೇಳಿದಾಗ ನಂಬಿದರು. ಬಿ.ಎ. ತರಗತಿಯ ಬೆಲೆ ನಮ್ಮ ಮನೆಯಲ್ಲಿ ಇಷ್ಟು.

ರಸ್ತೆಯೂ ಈ ವಿಷಯದಲ್ಲಿ ಬಡವನ ವೈರಿಯೇ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವ ಕಾರು ಗಂಟೆಗಟ್ಟಲೆ ಒಂದೇ ಗೇರಿನಲ್ಲಿ ಓಡುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಟ್ರ್ಯಾಕ್ಟರು, ಆಟೋ, ಬೈಕುಗಳಿಗೆ ಅದರ ಮುಖ್ಯರಸ್ತೆಯಲ್ಲಿ ಪ್ರವೇಶವಿಲ್ಲ; ಅವು ಪಕ್ಕದ ರಸ್ತೆಯಲ್ಲಿ ಹೋಗಬೇಕು. ನಮ್ಮ ಪಾಂಡವಪುರ–ಕೃಷ್ಣರಾಜಪೇಟೆ ರಸ್ತೆಯಲ್ಲೋ ಊರಿಗೊಂದೆರಡು ಉಬ್ಬು. ಒಂದೊಂದು ಉಬ್ಬಿಗೂ ಇಳಿಸು ಗೇರು, ಏರಿಸು ಗೇರು. ಉಬ್ಬು ಬೇಡವೆಂದು ನಾನು ಹೇಳುವುದಿಲ್ಲ, ಶಾಲೆಯ ಮಕ್ಕಳು ದಾಟುವ ರಸ್ತೆ ಅದು. ಆದರೆ ಒಂದೇ ದೂರ ಓಡಿದ ಎರಡು ಗಾಡಿಗಳಲ್ಲಿ ನಮ್ಮ ಗಾಡಿಯ ಗೇರು, ಕ್ಲಚ್ಚು ಬೇಗ ಸವೆಯುತ್ತವೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಬೇಕು. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಮುಂಚೆಯೇ ಎಣ್ಣೆ ನೋಡಬೇಕು. ಕಬ್ಬಿನ ಕಾಲದಲ್ಲಿ ಎರಡು ಟ್ರೈಲರು ಕಟ್ಟಿಕೊಂಡು ಏರಿ ಹತ್ತುವ ಟ್ರ್ಯಾಕ್ಟರುಗಳ ಪಾಡು ಬೇರೆಯೇ ಒಂದು ಲೇಖನ.

ನನ್ನ ಮಾವನವರದು ಹೊಸ ಬಗೆಯ ಕಾರು. ಕ್ಲಚ್ಚಿನ ಪೆಡಲೇ ಇಲ್ಲ, ಗೇರು ತಾನೇ ಬೀಳುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನೊಡನೆ ನಮ್ಮ ದೇಶದ ಸಾಧಾರಣ ಸಂಸಾರಗಳಿಗೆ ಎಟುಕಿದ ಏರ್ಪಾಡು ಅದು. ತಮಗೆ ಈ ತಾಪತ್ರಯವಿಲ್ಲವೆಂಬ ಧೀಮಾಕು ಮಾವನಿಗೆ. ವಾಸ್ತವದಲ್ಲಿ ಅದರೊಳಗೂ ಅದೇ ಕ್ಲಚ್ಚಿನ ತಟ್ಟೆ, ಅದೇ ಹಲ್ಲಿನ ಚಕ್ರಗಳು. ನಮ್ಮ ಕಾಲು ಮಾಡುತ್ತಿದ್ದುದನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ವೈರಮುಡಿಯ ಜನಸಂದಣಿಯಲ್ಲಿ ಏರಿನ ಮೇಲೆ ಬ್ರೇಕು ಒತ್ತದೆ ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸಿಕೊಂಡು, ಸುಟ್ಟ ವಾಸನೆ ಯಾರದೋ ಗಾಡಿಯದೆಂದು ಅವರು ಬೈಯುತ್ತಿದ್ದರು. ವಾಸನೆ ಅವರದೇ ಕಾರಿನದು. ಹೇಳಿದೆ. ಎರಡು ದಿನ ಮಾತಾಡಲಿಲ್ಲ.

ವಿದ್ಯುತ್ ಕಾರುಗಳ ಕಾಲ ಬಂತು, ಅವುಗಳಲ್ಲಿ ಗೇರು ಬದಲಿಸುವ ಮಾತೇ ಇಲ್ಲ, ಇದನ್ನೆಲ್ಲ ಈಗ ಕಲಿತು ಏನು ಪ್ರಯೋಜನ ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಅವುಗಳಲ್ಲಿ ಗೇರುಗಳ ಸಾಲು ಇಲ್ಲದಿದ್ದರೂ ಮೋಟಾರಿನ ವೇಗ ತಗ್ಗಿಸುವ ಒಂದು ಹಲ್ಲಿನ ಜೋಡಿಯೂ ಅದಕ್ಕೊಂದು ಎಣ್ಣೆಯೂ ಇದ್ದೇ ಇದೆ. ಅದು ಹಾಗಿರಲಿ. ಪಟ್ಟಣದವರು ಹೊಸದು ಕೊಂಡಾಗ ಹಳೆಯದು ಎಲ್ಲಿಗೆ ಬರುತ್ತದೆ? ನಮ್ಮ ಊರುಗಳಿಗೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಸ್ಟೀರಿಂಗಿನ ಪಕ್ಕದ ಗೇರಿನ ಸನ್ನೆಯನ್ನು ಸರಿಪಡಿಸಬಲ್ಲ ಕೈಗಳನ್ನು ನಾನು ಆ ಗ್ಯಾರೇಜಿನಲ್ಲಿ ಇನ್ನೂ ಕಂಡಿದ್ದೇನೆ. ಅವರು ಬದಲಿಸಿದ ಗಾಡಿ, ನಾವು ಉಳಿಸಬೇಕಾದ ಗಾಡಿ. ಉಳಿಸುವ ವಿದ್ಯೆಯ ಅಗತ್ಯ ನಮಗೇ ಹೆಚ್ಚು.

ಹಾಗೆಂದು ಗ್ಯಾರೇಜುಗಳನ್ನೆಲ್ಲ ಹಾಡಿಹೊಗಳಲು ನಾನು ಹೊರಟಿಲ್ಲ. ಅಲ್ಲಿಯೂ ಪುಸ್ತಕದ ಕೊರತೆಯೇ. ಗೇರಿನ ಎಣ್ಣೆಯಲ್ಲಿ ಜಿ.ಎಲ್. 4, ಜಿ.ಎಲ್. 5 ಎಂಬ ಭೇದವುಂಟು. ಎರಡನೆಯದರಲ್ಲಿ ಗಂಧಕ ಮುಂತಾದ ಮದ್ದುಗಳು ಹೆಚ್ಚು. ಹಿಂದಿನ ಅಚ್ಚಿನ ಹಲ್ಲುಗಳಿಗೆ ಅದು ಬೇಕು, ಆದರೆ ಗೇರುಪೆಟ್ಟಿಗೆಯ ಹಿತ್ತಾಳೆಯ ಉಂಗುರಕ್ಕೆ ಕೆಲವು ಸಲ ಕೆಡುಕು ಮಾಡಬಲ್ಲದು. ನಂಬರು ದೊಡ್ಡದಾದ್ದರಿಂದ ಒಳ್ಳೆಯದೆಂದು ಅಂಗಡಿಯವನು ಕೊಡುತ್ತಾನೆ, ಹುಡುಗ ಸುರಿಯುತ್ತಾನೆ. ಇನ್ನು ‘ಇದು ಜೀವಮಾನದ ಎಣ್ಣೆ, ಬದಲಿಸಲೇಬೇಕಾಗಿಲ್ಲ’ ಎಂಬ ಮಾತೂ ಚಲಾವಣೆಯಲ್ಲಿದೆ. ಯಾರ ಜೀವಮಾನ ಎಂದು ಕೇಳಬೇಕೆನಿಸುತ್ತದೆ. ಸೋರಿಹೋದ ಎಣ್ಣೆ ಯಾವ ಜೀವಮಾನವನ್ನೂ ಕಾಯುವುದಿಲ್ಲ.

ನಮ್ಮ ಮೇಸ್ತ್ರಿ ಮಾತ್ರ ಕಿವಿಯಿಂದಲೇ ಅರ್ಧ ರೋಗ ಹೇಳುತ್ತಾರೆ. ಗಾಡಿ ನಿಂತು ನ್ಯೂಟ್ರಲ್ಲಿನಲ್ಲಿರುವಾಗ ಗುಂಯ್‌ಗುಟ್ಟುವ ಸದ್ದು ಕ್ಲಚ್ಚು ಒತ್ತಿದೊಡನೆ ನಿಂತರೆ ಪೆಟ್ಟಿಗೆಯ ಮುಂದಿನ ಬೇರಿಂಗು. ಅದಕ್ಕೆ ವಿರುದ್ಧವಾಗಿ, ಕ್ಲಚ್ಚು ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ಚಿನ ಬಿಡುಗಡೆಯ ಬೇರಿಂಗು. ಇಂಜಿನ್ನು ಕೂಗಿಕೊಂಡು ಗಾಡಿ ಮುಂದೆ ಹೋಗದಿದ್ದರೆ ತಟ್ಟೆ ಸವೆದು ಜಾರುತ್ತಿದೆ. ಹೊರಡುವಾಗ ಕೆಳಗೆ ಟಕ್ ಎಂದರೆ ಉದ್ದ ದಂಡದ ಕ್ರಾಸು. ಇವನ್ನು ಅವರು ಮೂವತ್ತು ವರ್ಷಗಳಲ್ಲಿ ಏಟು ತಿಂದು ಕಲಿತರು. ಮೊದಲ ಐದು ವರ್ಷ ತಮ್ಮ ಗುರು ಪೆಟ್ಟಿಗೆ ಬಿಚ್ಚುವಾಗ ಟೀ ತರಲು ಕಳಿಸುತ್ತಿದ್ದರೆಂದು ಒಂದು ದಿನ ಹೇಳಿದರು. ಅವರು ತಮ್ಮ ಹುಡುಗರನ್ನು ಹಾಗೆ ಕಳಿಸುವುದಿಲ್ಲ. ಆದರೆ ಬರೆದಿಡಲು ಅವರಿಗೆ ಬರವಣಿಗೆ ಸಲೀಸಿಲ್ಲ.

ಇಲ್ಲಿಗೆ ನನ್ನ ಕೋರಿಕೆ. ಕರ್ನಾಟಕದಲ್ಲಿ ಮಾರುವ ಪ್ರತಿ ಗಾಡಿಯೊಡನೆ ಕನ್ನಡದ ಪುಸ್ತಕವನ್ನೂ ಕೊಡಬೇಕು. ನಮ್ಮೂರಿನ ಏಳು ಗಾಡಿಗಳ ಪುಸ್ತಕಗಳನ್ನು ನಾನು ಬಿಡಿಸಿ ನೋಡಿದೆ, ಒಂದೂ ಕನ್ನಡದಲ್ಲಿರಲಿಲ್ಲ. ಲೈಸೆನ್ಸು ಕೊಡುವಾಗ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸೆನ್ನುವ ಹಾಗೆಯೇ, ಗೇರಿನ ಎಣ್ಣೆಯ ಬಿರಟೆ ಎಲ್ಲಿದೆ ತೋರಿಸೆಂದೂ ಕೇಳಲಿ. ಐ.ಟಿ.ಐ.ಗಳಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುವ ಹುಡುಗರೂ ಕಲಾ ಕಾಲೇಜಿನ ನಾವೂ ವರ್ಷಕ್ಕೊಂದು ವಾರ ಒಟ್ಟಿಗೆ ಕುಳಿತರೆ, ಅವರು ಬಿಚ್ಚಲಿ, ನಾವು ಬರೆಯೋಣ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಗುಂಡಿ ತೋಡಿ ಗಿಡ ನೆಡುತ್ತೇವೆ, ಒಳ್ಳೆಯದೇ. ಒಂದು ದಿನ ಹಳ್ಳಿಯ ಗಾಡಿಗಳ ಪುಸ್ತಕ ಓದಿ ಹೇಳಿದರೆ ಯಾವ ಗಿಡವೂ ಒಣಗುವುದಿಲ್ಲ.

ಸರ್ಕಾರ, ಕಂಪನಿಗಳು ಇದನ್ನು ಮಾಡುವವರೆಗೆ ಕಾಯದೆ, ನಮ್ಮ ವ್ಯಾನಿನ ಪುಸ್ತಕದ ಆ ಎರಡು ಪುಟಗಳನ್ನು ನಾನೇ ಕನ್ನಡಕ್ಕೆ ತಂದೆ. ನನ್ನ ಪಾಂಡಿತ್ಯವನ್ನೆಲ್ಲ ಸುರಿದು ‘ವೇಗಪರಿವರ್ತಕ ಪೇಟಿಕೆಯ ಸ್ನೇಹಕ ತೈಲ’ ಎಂದು ಬರೆದಿದ್ದೆ. ಮೇಸ್ತ್ರಿ ಓದಿಸಿ ಕೇಳಿದರು. “ಇದ್ಯಾವ ದೇವ್ರ ಎಣ್ಣೆ ಸ್ವಾಮಿ?” ಎಂದರು. ಹುಡುಗರೆಲ್ಲ ನಕ್ಕರು. ಹೊಡೆದುಹಾಕಿ ‘ಗೇರ್ ಆಯಿಲ್’ ಎಂದು ಬರೆದೆ. ಮತ್ತೆ ಕೂತು ಅವರು ಹೇಳಿದಂತೆ ಬರೆದುಕೊಂಡೆ: ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸು, ಕೈಬ್ರೇಕು ಎಳೆ, ಚಕ್ರಕ್ಕೆ ಕಲ್ಲು ಕೊಡು. ಪೆಟ್ಟಿಗೆಯ ಪಕ್ಕದಲ್ಲಿರುವ ಮೇಲಿನ ಬಿರಟೆ ಬಿಚ್ಚು. ಕಿರುಬೆರಳು ತೂರಿಸಿ ಬಗ್ಗಿಸು. ತೂತಿನ ಅಂಚಿನಲ್ಲೇ ಬೆರಳಿಗೆ ಎಣ್ಣೆ ತಾಕಬೇಕು. ತಾಕದಿದ್ದರೆ ತುಂಬಿಸು, ಎಲ್ಲಿಂದ ಹೋಯಿತೆಂದು ಹುಡುಕು. ಎಣ್ಣೆ ಬದಲಿಸುವುದಾದರೆ ಗಾಡಿ ಓಡಿ ಬಂದು ಬೆಚ್ಚಗಿರುವಾಗಲೇ ಇಳಿಸು, ಕೊಳೆಯೆಲ್ಲ ಜೊತೆಗೆ ಬರುತ್ತದೆ. ತಳದ ಬಿರಟೆ ಬಿಚ್ಚುವ ಮುಂಚೆ ಮೇಲಿನ ಬಿರಟೆ ಬಿಚ್ಚಿ ನೋಡು. ಈ ಕೊನೆಯ ಮಾತು ಪುಸ್ತಕದಲ್ಲಿರಲಿಲ್ಲ. ಮೇಲಿನದು ತುಕ್ಕುಹಿಡಿದು ಬಿಚ್ಚದೆ ಹೋದರೆ, ಎಣ್ಣೆಯೆಲ್ಲ ಕೆಳಗೆ ಹರಿದ ಮೇಲೆ ತುಂಬುವುದು ಎಲ್ಲಿಂದ? ಮೇಸ್ತ್ರಿಯ ಹುಡುಗನೊಬ್ಬ ಒಮ್ಮೆ ಹಾಗೆ ಸಿಕ್ಕಿಬಿದ್ದಿದ್ದನಂತೆ.

ಆ ಹಾಳೆಯ ಪ್ರತಿಯೊಂದು ಈಗ ಗ್ಯಾರೇಜಿನ ಗೋಡೆಯ ಮೇಲಿದೆ, ಇನ್ನೊಂದು ನಮ್ಮ ವ್ಯಾನಿನಲ್ಲಿದೆ. ಕೃಷ್ಣರಾಜಪೇಟೆಯ ಸ್ಟ್ಯಾಂಡಿನ ಇಬ್ಬರು ಚಾಲಕರು ಕೇಳಿ ಪಡೆದರು. ಈ ವರ್ಷದ ಆಯುಧಪೂಜೆಯ ಬೆಳಿಗ್ಗೆ, ಗಾಡಿ ತೊಳೆಯುವ ಮೊದಲು, ತಂದೆಯವರು ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ಹೋದರು. ನಾನು ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತು ಹಾಳೆ ಹಿಡಿದಿದ್ದೆ. ಓದಲು ಹೋದರೆ, “ಇತ್ತ ತಾ, ನಾನೇ ಓದ್ಕತೀನಿ” ಎಂದು ಕೈಚಾಚಿದರು. ಮೂರನೆಯ ತರಗತಿಯ ಓದು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೊಂಬು ದೀರ್ಘಗಳಲ್ಲಿ ನಿಂತು ನಿಂತು ಓದುತ್ತಿದ್ದ ಧ್ವನಿ ಗಾಡಿಯ ಹೊಟ್ಟೆಯ ಕೆಳಗಿನಿಂದ ಬರುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ತಾಯಿ ಕುಂಬಳಕಾಯಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕೆಳಗಿನಿಂದ ಒಂದು ಕೈ ಹೊರಬಂತು. ಕಿರುಬೆರಳ ತುದಿಗೆ ಹೊಂಬಣ್ಣದ ಎಣ್ಣೆ ಹತ್ತಿತ್ತು.